ತೊಳೆದು ತಂದ ಸಿನಿಮಾ

ಮೊಮ್ಮಕ್ಕಳೇ, ಸಿನಿಮಾ ಮುಗಿದ ಮೇಲೆ ನಿಮ್ಮಲ್ಲಿ ಹಿರಿಯವಳು ಎಲ್ಲರ ಎದುರಿಗೆ ನನ್ನನ್ನು ಕೇಳಿದಳು: "ಆಯಿ, ಹೆಂಗ ಮಾಡ್ಯಾರ? ಆಗ ನೋಡಿದ್ದಕ್ಕೂ ಈಗಿಂದಕ್ಕೂ ಏನ್ ಫರಕ್ ಐತಿ, ಹೇಳು." ನಾನು "ಛಲೋ ಮಾಡ್ಯಾರವ್ವಾ" ಎಂದವಳೇ ಅಡುಗೆಮನೆಗೆ ಹೋಗಿಬಿಟ್ಟೆ. ನಾಲ್ಕು ಮಂದಿ ಕೂತಲ್ಲಿ ನನಗೆ ಮಾತು ಬರುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತ ಕೂರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿನಿಮಾ ಹೇಗಿತ್ತು ಎಂಬುದನ್ನಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಅವತ್ತು ಮತ್ತು ಮರುದಿನ ಸಿಂದಗಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಬಿಟ್ಟು ಅದನ್ನು ಹೇಳಲು ನನಗೆ ಬರುವುದಿಲ್ಲ. ನಿಮ್ಮ ದೊಡ್ಡಾಯಿ ಇನ್ನು ಮುಂದೆ ಒಬ್ಬಳೇ ಬಸ್ಸು ಹತ್ತಬಹುದೋ ಇಲ್ಲವೋ ಎಂಬುದು ಆ ಸಿನಿಮಾದ ಮೇಲೆಯೇ ನಿಂತುಬಿಟ್ಟಿತ್ತು. ನೀವು ಚಿಕ್ಕವರು ಆಗ ಇಲ್ಲಿ ಇರಲಿಲ್ಲ. ಆಮೇಲೆ ಕೇಳಿದವರು ನಕ್ಕಿರಿ. ನಗಬೇಕಾದದ್ದೇ, ಆದರೆ ಪೂರಾ ಕೇಳಿ ನಗಿರಿ.

ನಾನೂ ದೊಡ್ಡಾಯಿಯೂ ದೇವಣಗಾಂವಕ್ಕೆ ಸೊಸೆಯರಾಗಿ ಬಂದವರು. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಬಂದ ದಿನದಿಂದ ನಾನು ಅವಳನ್ನು ಅಕ್ಕ ಎಂದೇ ಕರೆದೆ, ಅವಳು ನನ್ನನ್ನು ತಂಗಿ ಎಂದಳು. ಅಕ್ಕ ಎಡಚಿ. ನೀರು ಸೇದುವುದು, ಕಸ ಹೊಡೆಯುವುದು, ಕುಡುಗೋಲು ಹಿಡಿಯುವುದು ಎಲ್ಲವೂ ಎಡಗೈಯಿಂದಲೇ. ನಮ್ಮ ಅತ್ತೆಯವರಿಗೆ ಅದು ಆಗುತ್ತಿರಲಿಲ್ಲ. ಅನ್ನ ಮಾಡುವ ಕೈ ಬಲಗೈಯೇ ಆಗಿರಬೇಕು ಎಂದು ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅಕ್ಕ ಬಲಗೈಯಿಂದ ರೊಟ್ಟಿ ಬಡಿದರೆ ಅದು ಅಂಚಿನಲ್ಲಿ ಹರಿಯುತ್ತಿತ್ತು. ಹರಿದ ರೊಟ್ಟಿ ನೋಡಿ ಅತ್ತೆಯವರು ಇನ್ನಷ್ಟು ಅನ್ನುತ್ತಿದ್ದರು. ಮನೆಯ ಹಿರಿಯ ಸೊಸೆ ಸೆಗಣಿ ಬಳಿಯುತ್ತ ಹೊರಗೆ, ಕಿರಿಯಳಾದ ನಾನು ಒಲೆಯ ಮುಂದೆ. ನನಗೆ ಅವಳ ಮುಖ ನೋಡಲು ಸಂಕೋಚವಾಗುತ್ತಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬ ಸಿನಿಮಾದವನು ಬಂಡಿಯಲ್ಲಿ ಯಂತ್ರ ಹೇರಿಕೊಂಡು ಊರಿಗೆ ಬಂದ. ಊರ ಹೊರಗಿನ ಬಯಲಲ್ಲಿ ಎರಡು ಕಂಬ ನೆಟ್ಟು ನಡುವೆ ದೊಡ್ಡ ಬಿಳಿ ಪರದೆ ಕಟ್ಟಿದ. ಶುರುವಾಗುವ ಮುನ್ನ ಪರದೆಗೆ ನೀರು ಚಿಮುಕಿಸುತ್ತಿದ್ದ. ಒದ್ದೆ ಬಟ್ಟೆಯ ಮೇಲೆ ಬಿದ್ದ ಚಿತ್ರ ಎರಡೂ ಬದಿಗೆ ಕಾಣುತ್ತದೆ. ಯಂತ್ರ ಇದ್ದ ಕಡೆ ಗಂಡಸರು ಕೂತರು. ಪರದೆಯ ಆಚೆ ಕಡೆ ಹೆಣ್ಣುಮಕ್ಕಳು. ಮಾವ, ಭಾವಂದಿರು ಕೂತಲ್ಲಿ ಸೊಸೆಯರು ಮುಖ ಕಾಣುವ ಹಾಗೆ ಕೂರುವ ರೂಢಿ ಇರಲಿಲ್ಲ. ಅದರಲ್ಲಿ ನಮಗೇನೂ ಕೊರತೆ ಕಾಣಲಿಲ್ಲ. ಪರದೆಯ ಹಿಂದೆ ತಲೆಯ ಸೆರಗು ಜಾರಿದರೂ ಕೇಳುವವರಿಲ್ಲ. ಕಾಲು ಚಾಚಬಹುದು, ಎಲೆಅಡಿಕೆ ಹಾಕಬಹುದು, ಅಳಬಹುದು. ದನಿ ಬರುವ ಭೋಂಗಾ ನಮ್ಮ ಬದಿಗೇ ಇದ್ದದ್ದರಿಂದ ಮಾತ್ರ ಕಿವಿ ಗವ್ವೆನ್ನುತ್ತಿತ್ತು. ಅವನ ಹತ್ತಿರ ಇದ್ದದ್ದು ಅದೊಂದೇ ಸಿನಿಮಾ. ಅವನು ಊರಲ್ಲಿ ಇದ್ದಷ್ಟು ದಿನವೂ ನಾವು ಅದನ್ನೇ ನೋಡಿದೆವು.

ಕತೆ ದೊಡ್ಡದಲ್ಲ. ಒಬ್ಬಳು ಹೆಣ್ಣುಮಗಳ ಗಂಡ ಬಾವಿ ತೋಡುವ ಕೆಲಸಕ್ಕೆಂದು ದೂರ ಹೋದವನು ತಿರುಗಿ ಬರುವುದಿಲ್ಲ. ಅವಳು ಎರಡು ದಾರಿ ಕೂಡುವಲ್ಲಿ ಗುಡಿಸಲು ಹಾಕಿ ಖಾನಾವಳಿ ನಡೆಸುತ್ತಾಳೆ. ಊಟಕ್ಕೆ ಬರುವ ಮಾಸ್ತರರ ಹತ್ತಿರ ಒಂದೊಂದೇ ಅಕ್ಷರ ಕಲಿತು, ಹಲಗೆಯ ಮೇಲೆ ತನ್ನ ಕೈಯಿಂದಲೇ ಸುಣ್ಣದಲ್ಲಿ ಬರೆದು ಬಾಗಿಲಿಗೆ ತೂಗುಹಾಕುತ್ತಾಳೆ. ಕಡೆಗೆ ಗಂಡ ಬರುತ್ತಾನೆ, ಹತ್ತು ಮಂದಿ ಗಿರಾಕಿಗಳ ನಡುವೆ ತಲೆ ತಗ್ಗಿಸಿ ಕೂರುತ್ತಾನೆ. ಅವಳು ಗುರುತು ಹಿಡಿದೂ ಹಿಡಿಯದವಳ ಹಾಗೆ ಎಲ್ಲರಿಗೂ ಬಡಿಸಿದಂತೆ ಅವನಿಗೂ ಬಡಿಸುತ್ತಾಳೆ. ಅಷ್ಟೇ.

ಆ ಹೆಣ್ಣುಮಗಳು ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು.

ಮೊದಲ ಸಲ ಅದನ್ನು ಕಂಡಾಗ ಅಕ್ಕ ನನ್ನ ತೊಡೆ ಚಿವುಟಿದ್ದು ಇನ್ನೂ ನೆನಪಿದೆ. "ತಂಗಿ, ನೋಡ ನೋಡ! ನನ್ನಂಗ ಎಡಚಿ!" ಎಂದಳು. ಅತ್ತೆಯವರು ನಮ್ಮ ಹಿಂದೆಯೇ ಕೂತು ನೋಡಿದರು. ಎರಡನೆಯ ಸಲವೂ ನೋಡಿದರು. ಮರುದಿನ ಹೊತ್ತು ಏರುವ ಮುನ್ನ ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿ ಅಕ್ಕನನ್ನು ಕೂರಿಸಿದರು. "ಬಡಿ. ಯಾ ಕೈಲೆ ಬರತೈತೋ ಆ ಕೈಲೆ ಬಡಿ. ಸಿನಿಮಾದಾಕಿ ಬಡದ್ರ ಮಂದಿ ರೊಕ್ಕಾ ಕೊಟ್ಟು ನೋಡ್ತಾರ, ನಮ್ಮನ್ಯಾಕಿ ಬಡದ್ರ ನಾವು ಉಣಬಾರದೇನ?" ಎಂದರು. ಆ ದಿನದ ರೊಟ್ಟಿ ಚಂದ್ರನಂತೆ ದುಂಡಗಿದ್ದವು. ಅಂದಿನಿಂದ ಅಕ್ಕ ಯಾವ ಮನೆಯಲ್ಲೂ ಕೈ ಬದಲಿಸಲಿಲ್ಲ.

ನನಗೆ ಅದೇ ಸಿನಿಮಾ ಅವಮಾನ ತಂದಿತ್ತು. ಪರದೆಯ ಹಿಂದೆ ಕೂತ ಹೆಣ್ಣುಮಕ್ಕಳಲ್ಲಿ ಸಾಲೆ ಕಲಿತವಳು ನಾನೊಬ್ಬಳೇ. ಸಿನಿಮಾದ ಹೆಣ್ಣುಮಗಳು ಹಲಗೆ ಬರೆದು ಬಾಗಿಲಿಗೆ ತೂಗುಹಾಕಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. "ಏ ಸಾಲಿ ಕಲ್ತಾಕಿ, ಏನ್ ಬರದಾಳ ಓದು." ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ಅಕ್ಷರವೂ ಹತ್ತಲಿಲ್ಲ. ಯಾವುದೋ ಬೇರೆ ದೇಶದ ಲಿಪಿಯಂತೆ ಸೊಟ್ಟ ಸೊಟ್ಟಾಗಿ ಕಂಡವು. "ಈಕಿ ಸಾಲಿ ಮಾಸ್ತರ ಈಕಿಗೆ ಏನ್ ಕಲಿಸಿದ್ನೊ, ಹೊಲಾ ಹರಗಾಕ ಹಚ್ಚಿದ್ರ ಛಲೋ ಇತ್ತು" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಮನೆಗೆ ಬರುವಾಗ ನಿಮ್ಮ ಮುತ್ಯಾನನ್ನು ಮೆಲ್ಲಗೆ ಕೇಳಿದೆ, ಆ ಹಲಗೆಯ ಮೇಲೆ ಏನಿತ್ತು ಎಂದು. "ಇಲ್ಲಿ ಊಟ ಸಿಗುತ್ತದೆ ಅಂತ ಇತ್ತಲ್ಲ, ಅಷ್ಟ ದೊಡ್ಡದಾಗಿ!" ಎಂದರು ಅವರು. ನನಗೆ ಓದಲು ಬರಲಿಲ್ಲ ಎಂದು ಗಂಡನಿಗೆ ಹೇಳುವುದು ಹೇಗೆ? ನಾನು ಕಲಿತದ್ದೆಲ್ಲ ಮರೆತುಹೋಗುತ್ತಿದೆ ಎಂದು ಹೆದರಿ, ಆಮೇಲೆ ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದವನ್ನೂ ಬಿಡದೆ ಓದುತ್ತಿದ್ದೆ.

ಈಗ ಈಚಿನ ಮಾತಿಗೆ ಬರುತ್ತೇನೆ. ಮನೆಗಳು ಬೇರೆಯಾದ ಮೇಲೆ ನಾವು ಸಿಂದಗಿಗೆ ಬಂದೆವು. ಅಕ್ಕ ಮುದ್ದೇಬಿಹಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಮಗನ ಜೊತೆ ಇದ್ದಾಳೆ. ಅವಳ ಒಬ್ಬ ಮಗಳು ಮಸೂತಿಯಲ್ಲಿ, ಇನ್ನೊಬ್ಬಳು ಇಂಡಿಯಲ್ಲಿ. ಅಕ್ಕನ ಕಾಲು ಒಂದು ಕಡೆ ನಿಂತದ್ದಲ್ಲ. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ಅಲ್ಲಿಂದ ಮಸೂತಿ, ಆಮೇಲೆ ನಮ್ಮ ಮನೆ, ಇಲ್ಲಿಂದ ಇಂಡಿ. ಹೀಗೆ ಚೀಲ ಹಿಡಿದು ತಿರುಗುವುದೇ ಅವಳ ಬದುಕು. ಓದಲು ಬರುವುದಿಲ್ಲ, ಆದರೆ ಯಾವ ಬಸ್ಸು ನಿಲ್ದಾಣದ ಯಾವ ಮೂಲೆಯಲ್ಲಿ ನಿಲ್ಲುತ್ತದೆ ಎಂಬುದು ಅವಳ ತಲೆಯಲ್ಲಿತ್ತು. ಒಂದು ಸಲ ಸಿಂದಗಿ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಜಾಗ ಬದಲಾಗಿ, ಇಂಡಿಗೆ ಹೋಗಬೇಕಾದವಳು ಕಲಬುರಗಿಯ ಬಸ್ಸು ಹತ್ತಿಬಿಟ್ಟಳು. ಕಂಡಕ್ಟರನೇ ದಾರಿಯಲ್ಲಿ ಇಳಿಸಿ ಮರಳಿ ಕಳಿಸಿದ. ಅಂದಿನಿಂದ ಮಗನಿಗೆ ತಾಯಿಯ ತಲೆಯ ಮೇಲೆ ಅನುಮಾನ. ಒಬ್ಬಳೇ ಎಲ್ಲೂ ಹೋಗಕೂಡದು ಎಂದುಬಿಟ್ಟ.

ಮೊನ್ನೆ ತೊಗರಿ ಮಾರಲು ಸಿಂದಗಿಯ ಪೇಟೆಗೆ ಬಂದವನು ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅಕ್ಕ ಇಳಿದವಳೇ ನನ್ನ ಕೈ ಹಿಡಿದು, "ನೋಡ ತಂಗಿ, ಹೆಣ್ಣಮಕ್ಕಳಿಗೆ ತಿಕೀಟ ಇಲ್ಲದ ಬಸ್ ಬಿಟ್ಟಾರ. ಸರ್ಕಾರ ಬಿಟ್ಟೈತಿ, ಇಂಡಿಗೆ ಹೋಗಾಕ ಮಗಾ ಬಿಡವಲ್ಲ" ಎಂದಳು. ಮಗ ಚೀಲ ಇಳಿಸುತ್ತ, "ಸರ್ಕಾರಕ್ಕ ಏನ್ರಿ ಕಾಕಿ, ಈಕಿ ಕಳದ್ರ ಹುಡಕಾಂವ ನಾನ" ಎಂದ. ಹೆದರಿಕೆಯಿಂದ ಆಡಿದ ಮಾತು ಅದು, ಸಿಟ್ಟಿನದಲ್ಲ. ತಾಯಿಯನ್ನು ಕಂಡರೆ ಅವನಿಗೆ ಜೀವ.

ಅವತ್ತೇ ನಿಮ್ಮಲ್ಲಿ ಹಿರಿಯವಳು ಬಸವನ ಬಾಗೇವಾಡಿಯಿಂದ ರಜೆಗೆ ಬಂದವಳು ಒಂದು ಡಿಸ್ಕು ತಂದಿದ್ದಳು. ನಾವು ಯಾವಾಗಲೂ ಹೇಳುತ್ತಿದ್ದ ಖಾನಾವಳಿಯ ಸಿನಿಮಾ. ಹಳೆಯ ರೀಲು ಎಲ್ಲೋ ಸಿಕ್ಕಿತಂತೆ, ಒಂದೊಂದೇ ಚಿತ್ರವನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಗೀರು ಕಲೆ ಅಳಿಸಿ, ಹೊಸದರಂತೆ ಮಾಡಿದ್ದಾರಂತೆ. ಅವಳು ಇಷ್ಟೆಲ್ಲ ವಿವರಿಸಿದ ಮೇಲೆ ಅಕ್ಕ, "ಅಂದ್ರ ತೊಳದು ತಂದಾರ ಅನ್ನು" ಎಂದಳು. ನನಗೆ ಅದಕ್ಕಿಂತ ಸರಿಯಾದ ಮಾತು ಇನ್ನೂ ಸಿಕ್ಕಿಲ್ಲ.

ಸಿನಿಮಾದ ಮೊದಲಿಗೆ ಹೆಸರುಗಳು ಓಡುವಾಗ ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಬಂದು ನೋಡಿದವಳು ಚಹಾ ಕೊಡುವುದನ್ನೇ ಮರೆತೆ. ಆಗ ನಾವು ನೋಡಿದ ಸಿನಿಮಾದಲ್ಲಿ ಮೊದಲಿನಿಂದ ಕಡೆಯವರೆಗೂ ಮಳೆ ಸುರಿಯುತ್ತಿತ್ತು. ರೀಲಿನ ಮೇಲಿನ ಗೀರು ಅದು, ನಮಗೇನು ಗೊತ್ತು. ಈ ನಾಡಿನಲ್ಲಿ ಎಷ್ಟು ಮಳೆ, ಪುಣ್ಯವಂತರು ಎಂದು ಹೆಣ್ಣುಮಕ್ಕಳು ಮಾತಾಡಿಕೊಂಡಿದ್ದರು. ಈಗ ನೋಡಿದರೆ ಬೆಂಕಿಯಂಥ ಬಿಸಿಲು. ದಾರಿಯ ಕಲ್ಲು ಕಲ್ಲೂ ಕಾಣುತ್ತದೆ. ನಡುವೆ ಒಂದೇ ಒಂದು ಕಡೆ ನಿಜವಾದ ಮಳೆ ಬರುತ್ತದೆ, ಗಂಡ ಹೊರಟುಹೋದ ರಾತ್ರಿ. ಬರಿಯ ಕಪ್ಪು ಎಂದು ನಾನು ತಿಳಿದಿದ್ದ ಆ ಕತ್ತಲೆಯಲ್ಲಿ ಗುಡಿಸಲ ಮೂಲೆ, ಮಡಕೆಯ ಸಾಲು, ಅವಳ ಕಣ್ಣಿನ ಹೊಳಪು ಎಲ್ಲ ಬೇರೆ ಬೇರೆಯಾಗಿ ಕಂಡವು. ಕಪ್ಪಿನಲ್ಲಿ ಇಷ್ಟು ಬಗೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಣ್ಣ ಹಚ್ಚಿಲ್ಲ ಎಂಬುದು ಇನ್ನೂ ಹೆಚ್ಚು ಹಿಡಿಸಿತು. ಹಚ್ಚಿದ್ದರೆ ಅವಳ ಸೀರೆಗೆ ಯಾವುದೋ ಪೇಟೆಯ ಬಣ್ಣ ಬರುತ್ತಿತ್ತು. ಈಗ ಅದು ನನ್ನ ಮನಸ್ಸಿನಲ್ಲಿ ಯಾವ ಬಣ್ಣವಿತ್ತೋ ಅದೇ ಬಣ್ಣ.

ನಾನು ಹೀಗೆ ಬೆರಗಾಗಿ ಕೂತಿರುವಾಗ ಅವಳು ಖಾನಾವಳಿಯಲ್ಲಿ ಮೊದಲ ರೊಟ್ಟಿ ಬಡಿಯಲು ಕೂತಳು. ಅಕ್ಕ ತಟ್ಟನೆ ಎದ್ದು ನಿಂತಳು.

"ನಿಂದರಸ್ರಿ ಅದನ್ನ! ಇದು ಸುಳ್ಳ. ಆಕಿ ಎಡಗೈಲೆ ಬಡೀತಿದ್ಲು."

ಮಗ ನಕ್ಕ. "ಯವ್ವಾ, ಕಣ್ಮುಂದ ಐತೆಲ್ಲ, ಬಲಗೈಲೆ ಬಡ್ಯಾಕತ್ತಾಳ."

"ಈಗ ಬಡ್ಯಾಕತ್ತಾಳ. ಆಗ ಬಡದಿಲ್ಲ. ತೊಳ್ಯಾಕ ಹೋಗಿ ಏನೋ ಮಾಡ್ಯಾರ ಇವರು."

"ದೊಡ್ಡಾಯಿ, ಹಂಗ ಕೈ ಬದಲ್ ಮಾಡಾಕ ಆಗಂಗಿಲ್ಲ" ಎಂದಳು ಹಿರಿಯವಳು ಸಮಾಧಾನದಿಂದ. "ಇದ್ದದ್ದನ್ನ ಸ್ವಚ್ಛ ಮಾಡ್ತಾರ, ಅಷ್ಟ."

"ಬಾಗಿಲಾನೂ ಆ ಕಡೆ ಇತ್ತು, ಈ ಕಡೆ ತಂದಿಟ್ಟಾರ. ನನಗೇನ್ ತಿಳಿಯಂಗಿಲ್ಲೇನ?"

ಮಗ ನಗುವುದನ್ನು ನಿಲ್ಲಿಸಿದ. ನನ್ನ ಕಡೆ ತಿರುಗಿ ದನಿ ಇಳಿಸಿದ, ಆದರೆ ಅಕ್ಕನಿಗೂ ಕೇಳಿಸಿತು. "ನೋಡ್ರಿ ಕಾಕಿ. ಇದ ನಾ ಹೇಳೂದು. ಬಾಗಲಾ ಯಾ ಕಡೆ, ಕೈ ಯಾವ್ದು, ಬಸ್ ಯಾವ್ದು, ಈಕಿಗೆ ಎಲ್ಲಾ ಉಲ್ಟಾ ಆಗಾಕತ್ತೈತಿ. ಇನ್ನ ಒಬ್ಬಾಕಿನ ಹೆಂಗ ಬಿಡ್ಲಿ?"

ಅಷ್ಟರಲ್ಲಿ ಕರೆಂಟು ಹೋಯಿತು. ನನಗೂ ಅಕ್ಕನಿಗೆ ನೆನಪಿದ್ದದ್ದೇ ನೆನಪಿತ್ತು. ಎಡಗೈಯೇ. ಬಾಗಿಲು ಆ ಕಡೆಯೇ. ಹಾಗೆಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಟೀವಿಯಲ್ಲಿ ಕಂಡದ್ದೂ ಸುಳ್ಳಲ್ಲ. ನನಗೂ ಉಲ್ಟಾ ಆಗುತ್ತಿದೆ ಎಂದು ಅವನು ಅಂದುಕೊಂಡರೆ ಅಕ್ಕನಿಗೆ ಅದರಿಂದ ಏನು ಬಂತು? ಒಬ್ಬ ಮುದುಕಿಯ ಬದಲು ಇಬ್ಬರು ಮುದುಕಿಯರಿಗೆ ಮರೆವು ಎನ್ನುತ್ತಿದ್ದ. ಬಾಯಿ ಮುಚ್ಚಿದೆ.

ಸಂಜೆ ಅಕ್ಕ ತಾನೇ ರೊಟ್ಟಿ ಮಾಡುತ್ತೇನೆಂದು ಕೂತಳು. ಹಿಟ್ಟು ನಾದಿ ಉಂಡೆ ಕಟ್ಟಿ, ಅದರ ಮೇಲೆ ಎಡಗೈ ಇಟ್ಟವಳು ಬಡಿಯದೆ ಕೂತಳು.

"ತಂಗಿ, ನನ್ನ ತಲಿ ಖರೇನ ಕೆಟ್ಟೈತೇನ?"

"ಇಲ್ಲಕ್ಕಾ. ನನಗೂ ಹಂಗ ನೆಪ್ಪೈತಿ."

"ಹಂಗಾರ ಇಬ್ಬರದೂ ಕೆಟ್ಟೈತಿ" ಎಂದು ನಕ್ಕಳು. ಆದರೆ ಆ ನಗು ಅವಳದಾಗಿರಲಿಲ್ಲ. ಆಮೇಲೆ ಕೇಳಿದಳು: "ಆಕಿ ಎಡಚಿ ಅಲ್ಲಂದ್ರ, ನಾ ಆವತ್ತ ಯಾರನ್ನ ನೋಡಿ ಖುಷಿ ಪಟ್ಟೆ? ಅತ್ತಿ ಯಾರನ್ನ ನೋಡಿ ನನ್ನ ಒಲಿ ಮುಂದ ಕುಂದ್ರಿಸಿದ್ಲು?" ಉಂಡೆಯ ಮೇಲಿನ ಕೈ ತೆಗೆದು, "ಇಂಡಿಗೆ ಹೋಗೂದು ಬ್ಯಾಡ ಬಿಡು. ಮಗಾ ಹೇಳಿದ್ದ ಖರೆ ಇರಬೇಕು" ಎಂದಳು. ಅಕ್ಕ ಯಾವ ಮಾತಿಗೂ ಹಾಗೆ ಸೋತವಳಲ್ಲ.

ಮರುದಿನ ಮುಂಜಾನೆ ಮಗ ಪೇಟೆಗೆ ಹೊರಡುವವನಿದ್ದ. ವ್ಯಾಪಾರ ಶುರುವಾಗಲು ತಡವಿದೆ ಎಂದು ಫೋನು ಬಂದದ್ದರಿಂದ ಉಳಿದ. ಹಿರಿಯವಳು ಹಿಂದಿನ ದಿನ ನಿಂತಲ್ಲಿಂದ ಸಿನಿಮಾ ಹಚ್ಚಿದಳು. ಅಕ್ಕ ಬರುವುದಿಲ್ಲವೆಂದು ಹಟ ಹಿಡಿದಳು. ನಾನೇ ಕೈ ಹಿಡಿದು ತಂದು ಕೂರಿಸಿದೆ. ಅವಳು ಗೋಡೆ ನೋಡುತ್ತ ಕೂತಳು.

ಸಿನಿಮಾದಲ್ಲಿ ಅವಳು ಹಲಗೆಯ ಮುಂದೆ ಕೂತು ಸುಣ್ಣದಲ್ಲಿ ಬೆರಳು ಅದ್ದಿದಳು. ನನಗೆ ಹಳೆಯ ನಗು ಮತ್ತೆ ಕೇಳಿಸಿದಂತಾಯಿತು. ಅವಳು ಹಲಗೆಯನ್ನು ತೂಗುಹಾಕಿ ಪಕ್ಕಕ್ಕೆ ಸರಿದಳು. "ಇಲ್ಲಿ ಊಟ ಸಿಗುತ್ತದೆ." ಒಂದನೆಯ ಇಯತ್ತೆಯ ಕೂಸೂ ಓದುವಂಥ ದುಂಡನೆಯ ಅಕ್ಷರ. ತೊಳೆದದ್ದರಿಂದ ಸುಣ್ಣದ ಹನಿ ಕೆಳಗೆ ಇಳಿದದ್ದೂ ಕಾಣುತ್ತಿತ್ತು. ಆದರೆ ತೊಳೆದದ್ದರಿಂದ ಮಾತ್ರ ಓದಲು ಬಂದದ್ದಲ್ಲ. ಅಷ್ಟು ದೊಡ್ಡ ಅಕ್ಷರ ಗೀರಿನ ನಡುವೆಯೂ ಕಾಣಲೇಬೇಕು. ನಿಮ್ಮ ಮುತ್ಯಾನಿಗೆ ಅದೇ ರಾತ್ರಿ, ಅದೇ ಪರದೆಯ ಮೇಲೆ ಕಂಡಿತ್ತು. ಅವರಿಗೆ ಕಂಡದ್ದು ನನಗೇಕೆ ಕಾಣಲಿಲ್ಲ? ಅವರು ಈಚೆ ಕೂತಿದ್ದರು. ನಾನು ಆಚೆ.

ತಲೆಯಲ್ಲಿ ದೀಪ ಹಚ್ಚಿದಂತಾಯಿತು. ಒದ್ದೆ ಬಟ್ಟೆಯ ಮೇಲೆ ಮೂಡಿದ ಚಿತ್ರವನ್ನು ನಾವು ಬೆನ್ನ ಕಡೆಯಿಂದ ನೋಡಿದ್ದೆವು. ಸೆರಗಿನ ಮೇಲಿನ ಕಸೂತಿಯನ್ನು ತಿರುವಿ ಹಿಂಬದಿಯಿಂದ ನೋಡಿದಂತೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಗಿರಾಕಿಗಳೂ ಎಡಗೈಯಿಂದಲೇ ಉಂಡಂತೆ ಕಂಡಿರಬೇಕು, ನಮ್ಮ ಕಣ್ಣೆಲ್ಲ ಅವಳೊಬ್ಬಳ ಮೇಲೇ ಇತ್ತು.

ಅಕ್ಕ ಗೋಡೆ ನೋಡುತ್ತಿದ್ದಳು. ಅದನ್ನು ನೋಡಿ ನನ್ನ ಬಾಯಿಂದ ಮಾತು ಹೊರಗೆ ಬಂತು, ನನಗೇ ಗುರುತು ಹತ್ತದಷ್ಟು ಜೋರಾಗಿ: "ಆ ಗ್ವಾಡಿ ಮ್ಯಾಗಿನ ಕನ್ನಡಿ ತಗೀರಿ!"

"ಯಾಕ್ರಿ ಕಾಕಿ, ಏನಾತು?" ಮಗ ಗಾಬರಿಯಾದ.

"ತಗದ ಕೊಡಪ್ಪಾ. ಆಮ್ಯಾಲ ಹೇಳ್ತೇನಿ."

ಅವನು ಅಂಗಳದ ಕಡೆಯ ಗೋಡೆಯ ದೊಡ್ಡ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ತಂದ. ನಾನು ಅಕ್ಕನನ್ನು ಟೀವಿಗೆ ಬೆನ್ನು ಮಾಡಿ ಕೂರಿಸಿದೆ, ಪಕ್ಕಕ್ಕೆ ನಾನೂ ಕೂತೆ. ಅವನನ್ನು ನಮ್ಮ ಎದುರಿಗೆ ಕನ್ನಡಿ ಹಿಡಿದು ನಿಲ್ಲಲು ಹೇಳಿದೆ. ಹಿರಿಯವಳಿಗೆ, ರೊಟ್ಟಿ ಬಡಿಯುವಲ್ಲಿಗೆ ಹಿಂದಕ್ಕೆ ಹೋಗು ಎಂದೆ.

ಕನ್ನಡಿಯಲ್ಲಿ ಅವಳು ಬಂದಳು. ಬಾಗಿಲು ಆ ಕಡೆ. ಒಲೆ ಈ ಕಡೆ. ಕೂತಳು, ಹಿಟ್ಟಿನ ಮೇಲೆ ಕೈ ಇಟ್ಟಳು. ಎಡಗೈ.

ಅಕ್ಕ ನನ್ನ ತೊಡೆ ಚಿವುಟಿದಳು. "ಇದ! ಇದ ನೋಡ ತಂಗಿ! ಇದ ಆಕಿ!"

"ನಾವು ಪಡದಾದ ಆಚಿ ಕಡೆ ಕುಂತಿದ್ವಿ ಅಲ್ಲೇನಕ್ಕಾ, ಹೆಣ್ಣಮಕ್ಕಳೆಲ್ಲಾ ಹಿಂದ. ಅದಕ್ಕ ಕನ್ನಡ್ಯಾಗ ನೋಡಿದಂಗ ನೋಡೇವಿ. ನಿನ್ನ ನೆಪ್ಪು ಒಂದು ಕೂದಲೆಳಿ ಸೈತ ತಪ್ಪಿಲ್ಲ."

ಹಿರಿಯವಳು ರಿಮೋಟು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. ಮಗ ಕನ್ನಡಿಯ ಮೇಲಿಂದ ಇಣುಕಿ ಟೀವಿ ನೋಡಿದ, ಬಗ್ಗಿ ಕನ್ನಡಿ ನೋಡಲು ಹೋದ. "ಏ, ಅಳ್ಳಾಡಸಬ್ಯಾಡ!" ಎಂದು ತಾಯಿ ಗದರಿದಳು. "ಉಲ್ಟಾ ಅಂದೆಲ್ಲ, ಈಗ ಉಲ್ಟಾ ಸಿನಿಮಾ ಪೂರಾ ತೋರಸು. ಕೈ ನೋಯ್ತಾವ ಅನ್ನಬ್ಯಾಡ."

"ಪೂರಾ? ಯವ್ವಾ, ತೊಗರಿ ಮಾರೂದೈತಿ ನಂದು!"

"ತೊಗರಿ ಎಲ್ಲೀಗ್ ಓಡ್ತೈತಿ, ನಿಂದರು."

ಅವನು ಪಾಪ, ಹಲಗೆಯ ಭಾಗ ಬರುವವರೆಗೂ ಹಿಡಿದೇ ನಿಂತ. ಕನ್ನಡಿಯಲ್ಲಿ ಆ ಅಕ್ಷರಗಳು ಅಂದಿನಂತೆಯೇ ಸೊಟ್ಟಗೆ ಬಂದವು, ಒಂದೂ ಓದಲು ಹತ್ತಲಿಲ್ಲ. ನನಗೆ ಆದ ಸಂತೋಷ ಯಾರಿಗೆ ಹೇಳಲಿ. ನನಗೆ ಅಕ್ಷರ ಮರೆತಿರಲೇ ಇಲ್ಲ. ಆಮೇಲೆ ಕನ್ನಡಿಯನ್ನು ಕುರ್ಚಿಗೆ ಆನಿಸಿ ಉಳಿದದ್ದನ್ನೂ ನೋಡಿದೆವು. ಅಕ್ಕ ಬೆನ್ನು ತಿರುಗಿಸಿಯೇ ಕೂತಿದ್ದಳು. ನಾನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ನಡುವೆ ಅಕ್ಕ ಅಂದಳು, "ಹಂಗಾರ ಆಕಿ ಖರೇ ಎಡಚಿ ಅಲ್ಲ."

"ಅಲ್ಲಕ್ಕಾ."

"ಅತ್ತಿ ಸಾಯೂತನಾ ಆಕಿ ಎಡಚಿ ಅಂತನ ತಿಳದಿದ್ಲು." ಒಂದು ಕ್ಷಣ ಅವಳ ಮುಖ ಏನಾಗುತ್ತದೋ ಎಂದು ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಗೊತ್ತಾಗಿದ್ರ ಮರುದಿನನ ನನ್ನ ಒಲಿ ಮುಂದಿಂದ ಎಬ್ಬಸ್ತಿದ್ಲು! ಛಲೋ ಆತು ಹಿಂದ ಕುಂತಿದ್ದು." ಅತ್ತೆಯವರನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಹಿರಿಯವಳು ನನ್ನ ಅಭಿಪ್ರಾಯ ಕೇಳಿದ್ದು ಇದೆಲ್ಲ ಆದ ಮೇಲೆ. ಅಷ್ಟೊತ್ತಿಗೆ ನನ್ನ ಹತ್ತಿರವಿದ್ದ ಮಾತೆಲ್ಲ ಖರ್ಚಾಗಿತ್ತು. ಈಗ ಹೇಳುತ್ತೇನೆ.

ಈ ಕೆಲಸ ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅವರ ಕೈ ತಾಳ್ಮೆಯ ಕೈ. ಭೋಂಗಾದ ಗದ್ದಲದಲ್ಲಿ ನಮಗೆಂದೂ ಕೇಳಿಸದ ಸಣ್ಣ ದನಿಗಳನ್ನೆಲ್ಲ ಅವರು ಎತ್ತಿ ಕೊಟ್ಟಿದ್ದಾರೆ. ರೊಟ್ಟಿ ಬಡಿಯುವಾಗಿನ ಬಳೆ, ಎತ್ತಿನ ಕೊರಳಿನ ಗಂಟೆ, ಕಡೆಗೆ ಗಂಡನ ಮುಂದೆ ತಂಬಿಗೆ ಇಡುವಾಗ ಅವಳು ಬಿಡುವ ನಿಟ್ಟುಸಿರು. ಅವಳು ಕಲ್ಲಿನಂತೆ ಇದ್ದಳು ಎಂದೇ ನಾನು ತಿಳಿದಿದ್ದೆ. ಆ ಉಸಿರು ಕೇಳಿದ ಮೇಲೆ ಆ ಕತೆಯೇ ನನಗೆ ಬೇರೆಯಾಯಿತು. ಆಗ ರೀಲು ಹರಿದು ಸಿನಿಮಾದವನು ಕತ್ತರಿಸಿ ಅಂಟಿಸುತ್ತಿದ್ದ ಕಡೆ ಒಂದು ಭಾಗವೇ ಇರಲಿಲ್ಲ. ಮಾಸ್ತರರು ವರ್ಗವಾಗಿ ಹೋಗುವುದು ಈಗಲೇ ತಿಳಿದದ್ದು, ನಾವು ಅವರು ಸತ್ತರು ಎಂದುಕೊಂಡಿದ್ದೆವು. ಒಂದು ಕಡೆ ಚಿತ್ರ ಸ್ವಲ್ಪ ಹೊತ್ತು ನಡುಗುತ್ತದೆ, ಅಂಚು ಸುಟ್ಟಂತೆ ಕಾಣುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಇಲ್ಲದ್ದನ್ನು ತಂದು ತುಂಬಿಲ್ಲ. ಅದು ನನಗೆ ಬಹಳ ಮೆಚ್ಚಿಗೆಯಾಯಿತು. ಹರಿದ ಕೌದಿಗೆ ಅದರದೇ ಬಟ್ಟೆ ಸಿಗದಿದ್ದರೆ ಹರಿದದ್ದನ್ನೇ ಮಡಿಸಿ ಹೊದೆಯುತ್ತೇವಲ್ಲ, ಹಾಗೆ. ಡಿಸ್ಕಿನ ಕಡೆಗೆ ಅರ್ಧ ಚಿತ್ರ ಕೊಳೆಯದು, ಅರ್ಧ ತೊಳೆದದ್ದು ಎಂದು ಪಕ್ಕಪಕ್ಕಕ್ಕೆ ಇಟ್ಟು ತೋರಿಸಿದ್ದಾರೆ. ಅದನ್ನು ನಾನು ಎರಡು ಸಲ ಹಾಕಿಸಿದೆ.

ದೂರು ಎಂದರೆ ಒಂದೇ. ಕಣದಲ್ಲಿ ಜೋಳ ತೂರುವ ದೃಶ್ಯದಲ್ಲಿ ಹೊಟ್ಟು ಹಾರುವುದು ಸರಿಯಾಗಿ ಕಾಣುವುದಿಲ್ಲ. ಕಾಳು ಬೀಳುತ್ತದೆ, ಗಾಳಿ ಬೀಸುತ್ತದೆ, ಹೊಟ್ಟು ಮಾತ್ರ ಅಲ್ಲೊಂದು ಇಲ್ಲೊಂದು. ಆಗ ಅದು ಮೋಡದಂತೆ ಏಳುತ್ತಿತ್ತು, ಎಡಬಲ ತಿರುವಿ ನೋಡಿದರೂ ಅದು ಸುಳ್ಳಾಗುವುದಿಲ್ಲ. ಬಹುಶಃ ಕಂಪ್ಯೂಟರು ಅದನ್ನೂ ಕೊಳೆ ಎಂದು ತಿಳಿದು ಅಳಿಸಿತೇನೋ. ಬಂಡಿಯ ಹಿಂದಿನ ಧೂಳೂ ಒಂದು ಕಡೆ ಹಾಗೆಯೇ ಮಾಯವಾಗಿದೆ. ತೊಳೆಯುವವರು ಇನ್ನೊಮ್ಮೆ ತೊಳೆಯುವುದಾದರೆ ನಮ್ಮ ಧೂಳನ್ನು ನಮಗೆ ಬಿಡಲಿ. ಇದಿಷ್ಟು ಬಿಟ್ಟರೆ ಕೈ ಎತ್ತಿ ಮುಗಿಯುವಂಥ ಕೆಲಸ.

ಮಗ ಅವತ್ತು ಮಧ್ಯಾಹ್ನ ಪೇಟೆಯಿಂದ ಬಂದವನು ತಾಯಿಯ ಪಕ್ಕಕ್ಕೆ ಕೂತ. ಬಹಳ ಹೊತ್ತು ಅವಳ ಚೀಲದ ದಾರ ಎಳೆಯುತ್ತಿದ್ದ. ಕಡೆಗೆ, "ನಾಳೆ ನಾನ ನಿಲ್ದಾಣಕ್ಕ ಬಿಡ್ತೇನಿ. ಬಸ್ ಹತ್ತಿಸಿ, ಕಂಡಕ್ಟರಗ ಹೇಳ್ತೇನಿ. ಇಳದ ಕೂಡ್ಲೆ ಫೋನ್ ಮಾಡಸ್ಬೇಕು" ಎಂದ.

"ಬಸ್ಸಿನ ಜಾಗಾ ತೋರಸು ಸಾಕು. ಒಮ್ಮೆ ನೋಡಿದ್ರ ನಾ ಮರಿಯಾಕಿ ಅಲ್ಲ, ಈಗರೆ ಗೊತ್ತಾತಿಲ್ಲ?" ಎಂದಳು ಅಕ್ಕ.

ಮರುದಿನ ಇಂಡಿಯ ಬಸ್ಸು ನಿಲ್ಲುವ ಹೊಸ ಜಾಗವನ್ನು ಅವನು ತೋರಿಸಿದನಂತೆ, ಅವಳು ಎದುರಿನ ಚಹಾದಂಗಡಿಯನ್ನು ಗುರುತು ಇಟ್ಟುಕೊಂಡಳಂತೆ. ಡಿಸ್ಕನ್ನು ಇಂಡಿಯ ಮಗಳಿಗೆ ತೋರಿಸುತ್ತೇನೆಂದು ಸೀರೆಯ ನಡುವೆ ಸುತ್ತಿ ಒಯ್ದಿದ್ದಳು. ಮಗ ನಮ್ಮ ಮನೆಗೆ ಮರಳಿ ಬಂದು ಊಟಕ್ಕೆ ಕೂತ. ಎರಡು ತುತ್ತು ತಿಂದವನು ಫೋನನ್ನು ತಾಟಿನ ಪಕ್ಕಕ್ಕೆ ಇಟ್ಟು ಅದನ್ನೇ ನೋಡುತ್ತ ಕೂತ. ನಾನೂ ಅವನನ್ನು ಉಣ್ಣು ಎಂದು ಒತ್ತಾಯ ಮಾಡಲಿಲ್ಲ. ಫೋನು ಬಂತು. ಆ ಕಡೆಯಿಂದ ಇಂಡಿಯ ಅವನ ತಂಗಿಯ ದನಿ ನನಗೂ ಕೇಳಿಸಿತು: "ಅಣ್ಣಾ, ಅವ್ವ ಬಂದಾಳ. ಬಸ್ಸಿನ್ಯಾಗ ಕುಂತವರಿಗೆಲ್ಲಾ ಸಿನಿಮಾದ ಕತಿ ಹೇಳಿ ಬಂದಾಳಂತ. ಈಗ ಬಂದ ಕೂಡ್ಲೆ ದೊಡ್ಡ ಕನ್ನಡಿ ತಗೀರಿ ಅಂತ ಗಂಟ ಬಿದ್ದಾಳ, ಏನಂತ ಇದು?"

"ಆಕಿ ಹೇಳಿದಂಗ ತಗದ ಕೊಡು" ಎಂದು ಅವನು ಫೋನು ಇಟ್ಟ. ತಾಟನ್ನು ಹತ್ತಿರ ಎಳೆದುಕೊಂಡ. "ಕಾಕಿ, ಇನ್ನಷ್ಟು ಝುಣಕಾ ಹಾಕ್ರಿ" ಎಂದ.